ಕಟ್ಟಿ ಒಂದು ಬಿಡು!

ಸಿಂದಗಿಯ ಓದುಗರೊಬ್ಬರು ಕಾರ್ಡು ಬರೆದಿದ್ದಾರೆ. ಈ ಮೊಬೈಲ್ ಕಾಲದಲ್ಲೂ ಕಾರ್ಡು ಬರೆಯುವ ಪುಣ್ಯಾತ್ಮರಿದ್ದಾರೆ ನೋಡಿ! ಅವರ ಪ್ರಶ್ನೆ ನೇರವಾಗಿದೆ: "ಸಿನಿಮಾ ಬಗ್ಗೆ ಬರೆಯೋರೆಲ್ಲ ಬೆಂಗಳೂರಿನ ಗಾಂಧಿನಗರದಾಗ ಇರ್ತಾರ. ನೀವು ಬಸವನ ಬಾಗೇವಾಡಿಯ ಹಳೇ ಓಣಿಯೊಳಗ ಕುಂತು ಏನ್ ಮಾಡ್ತೀರಿ? ಅಲ್ಲೇನೈತಿ?"

ಒಂದೇ ಸಾಲಿನಲ್ಲಿ ಉತ್ತರ ಮುಗಿಸಬಹುದಿತ್ತು. ಬಾಡಿಗೆ ಕಡಿಮೆ! ಆದರೆ ಈ ವಾರ ಆ ಉತ್ತರವೂ ಕೈತಪ್ಪಿ ಹೋಗಿದೆ. ಹೇಗೆ ಅಂತ ಹೇಳ್ತೀನಿ ಕೇಳಿ. ಈ ಕಥೆಯಲ್ಲಿ ಡ್ಯುಯೆಟ್ ಇಲ್ಲ, ಫೈಟಿಂಗ್ ಇಲ್ಲ. ಆದರೆ ಒಬ್ಬ ವಿಲನ್ ಇದ್ದಾನೆ. ಅವನು ಯಾರು ಅನ್ನೋದು ಇಂಟರ್‌ವೆಲ್‌ಗೆ ಗೊತ್ತಾಗುತ್ತೆ. ಅಲ್ಲಿ ತನಕ ಸೀಟು ಬಿಟ್ಟು ಏಳಬೇಡಿ.

ಮೊದಲು ಊರು ತೋರಿಸಿಬಿಡ್ತೀನಿ. ಬಿಜಾಪುರದಿಂದ (2014ರಿಂದ ವಿಜಯಪುರ ಅನ್ನಬೇಕು, ನಾಲಿಗೆ ಇನ್ನೂ ಹೊರಳಿಲ್ಲ) ನಲವತ್ತು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ನಮ್ಮ ಬಾಗೇವಾಡಿ. ಹನ್ನೆರಡನೇ ಶತಮಾನದಲ್ಲಿ ಇದು ಅಗ್ರಹಾರ. ಊರ ನಡುವೆ ಪೂರ್ವಕ್ಕೆ ಮುಖ ಮಾಡಿದ ಚಾಲುಕ್ಯ ಶೈಲಿಯ ಗುಡಿ. ಹಳೇ ಶಾಸನಗಳಲ್ಲಿ ಅದು ಸಂಗಮನಾಥನ ಗುಡಿ, ಇವತ್ತಿನ ಜನರ ಬಾಯಲ್ಲಿ ಬಸವಣ್ಣನ ಗುಡಿ. ಬಸವಣ್ಣನವರ ಮನೆತನದ ಮನೆ ಇದ್ದ ಜಾಗ ಈಗ ಸ್ಮಾರಕ. ತಾಯಿ ಮಾದಲಾಂಬಿಕೆಯ ತವರು ಇಂಗಳೇಶ್ವರ, ಹತ್ತು ಕಿಲೋಮೀಟರ್ ಆಚೆ. ಅಲ್ಲಿಯವರನ್ನು ಕೇಳಿದರೆ "ಬಸವಣ್ಣ ಹುಟ್ಟಿದ್ದು ನಮ್ಮಲ್ಲೇ" ಅಂತಾರೆ. ಹೆರಿಗೆಗೆ ತವರಿಗೆ ಹೋಗೋದು ರೂಢಿ ತಾನೇ, ಅವರ ಮಾತನ್ನೂ ತೆಗೆದುಹಾಕುವಂತಿಲ್ಲ. ಈ ಜಗಳದಲ್ಲಿ ನಾನು ಬಾಯಿ ಹಾಕೋದಿಲ್ಲ, ಎರಡೂ ಊರಲ್ಲಿ ನನಗೆ ಚಹಾ ಕೊಡುವವರಿದ್ದಾರೆ!

ಗುಡಿಯ ಹಿಂದಿನ ಓಣಿಯಲ್ಲಿ ಒಂದು ಮಾಳಿಗೆ ಮನೆ. ಮುಂದೆ ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ಕಲ್ಲಿನ ಕಟ್ಟೆ. ದೊಡ್ಡ ಬಾಗಿಲು, ಪಡಸಾಲೆ, ಒಳಗೆ ನಡುಮನೆ, ಜಂತಿಯ ನಡುವೆ ಬೆಳಕಿಂಡಿ. ಪಡಸಾಲೆಯ ಬಗಲಿಗಿದ್ದ ಕೋಣೆ ನನ್ನದು. ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ. ಒಳಗಿನ ಮನೆ ಆಯಿಯದು. ಆಯಿ ನನಗೇನೂ ಸಂಬಂಧಿಕಳಲ್ಲ, ಆದರೆ ಓಣಿಗೆಲ್ಲ ಅವಳು ಆಯಿ. ವಯಸ್ಸು ಎಪ್ಪತ್ತೈದರ ಆಸುಪಾಸು. ಆಕೆಯ ಯಜಮಾನರು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು.

ಇನ್ನು ನೀವೇ ಹೇಳಿ, ಸಿನಿಮಾ ಬರೆಯುವ ಹುಡುಗನಿಗೆ ಇದಕ್ಕಿಂತ ಗಾಂಧಿನಗರ ಬೇಕೇ?

ಆಯಿ ರೊಟ್ಟಿ ಬಡಿಯುತ್ತ ಹೇಳಿದ ಕಥೆಗಳಿಂದಲೇ ಈ ಅಂಕಣದ ಎಷ್ಟೋ ವಾರ ತುಂಬಿವೆ. ಡೇರೆಯೊಳಗೆ ಒಂದೇ ಪ್ರೊಜೆಕ್ಟರು. ರೀಲು ಮುಗಿದಾಗಲೆಲ್ಲ ಒಂದು ಇಂಟರ್‌ವೆಲ್! ಎರಡು ಕಾರ್ಬನ್ ಕಡ್ಡಿಗಳ ನಡುವೆ ಬೆಂಕಿ ಹಚ್ಚಿ ಬೆಳಕು ಹುಟ್ಟಿಸಬೇಕು, ಕಡ್ಡಿ ಕರಗಿದ ಹಾಗೆ ಹತ್ತಿರ ತರುತ್ತಲೇ ಇರಬೇಕು. ಆಪರೇಟರ್ ತೂಕಡಿಸಿದರೆ ನಾಯಕನ ಮುಖ ಕಪ್ಪಾಯಿತು ಅಂತಲೇ ಲೆಕ್ಕ. ಆಯಿ ಹತ್ತು ವರ್ಷದ ಹುಡುಗಿಯಾಗಿದ್ದಾಗ 'ಜಗಜ್ಯೋತಿ ಬಸವೇಶ್ವರ' ನೋಡಿದ್ದಾಳೆ. 1959ರ ಚಿತ್ರ. ಟಿ. ವಿ. ಸಿಂಗ್ ಠಾಕೂರ್ ನಿರ್ದೇಶನ. ಹೊನ್ನಪ್ಪ ಭಾಗವತರು ಬಸವಣ್ಣ, ನಮ್ಮ ಅಣ್ಣಾವ್ರು ರಾಜಕುಮಾರ್ ಬಿಜ್ಜಳ! "ಚಪ್ಪಲ ಹೊರಗ ಬಿಟ್ಟು ಒಳಗ ಹೋದ್ವಿ ಯಪ್ಪಾ, ಅದು ಡೇರೆ ಅಲ್ಲ, ಗುಡಿ ಆಗಿತ್ತು. ಬಸವಣ್ಣ ಮನಿ ಬಿಟ್ಟು ಹೊಂಟಾಗ ಹೆಣ್ಣುಮಕ್ಕಳೆಲ್ಲ ಸೆರಗಿಲೆ ಕಣ್ಣು ಒರಸಿಕೊಂಡ್ರು. ಪಡದೆ ಮ್ಯಾಲ ನಮ್ಮೂರು, ಡೇರೆ ಹೊರಗೂ ನಮ್ಮೂರು." 1983ರಲ್ಲಿ ಅಶೋಕ್ ಅವರ 'ಕ್ರಾಂತಿಯೋಗಿ ಬಸವಣ್ಣ' ಬಂದಾಗ ಇದೇ ಆಯಿ ತನ್ನ ಮಗನನ್ನು ಹೊಡೆದು ಕರಕೊಂಡು ಹೋಗಿದ್ದಳಂತೆ. ಅವನಿಗೆ ಫೈಟಿಂಗ್ ಪಿಕ್ಚರ್ ಬೇಕಾಗಿತ್ತು!

ಪ್ರತಿ ಸೋಮವಾರ ರಾತ್ರಿ ಅದೇ ಕಟ್ಟೆಯ ಮೇಲೆ ಭಜನಾ ಮೇಳ. ಪೇಟಿ ಮಾಸ್ತರರು ಹಗಲಿಗೆ ಕಟಿಂಗ್ ಅಂಗಡಿಯವರು. ತಬಲಾದವರು ಮಾರುಕಟ್ಟೆಯಲ್ಲಿ ಹಮಾಲಿ. ತಾಳ ಹಿಡಿಯುವವರು ನಿವೃತ್ತ ಕಂಡಕ್ಟರು. ವಚನ, ತತ್ವಪದ, ನಡುವೆ ಗುಟ್ಟಾಗಿ ಒಂದು ಸಿನಿಮಾ ಧಾಟಿ. ಪೇಟಿ ಮಾಸ್ತರರು ಕಣ್ಣು ಮಿಟುಕಿಸಿದರೆ ಸಾಕು, ಕೂತವರಿಗೆ ಯಾವ ಪಿಕ್ಚರಿನ ಧಾಟಿ ಅಂತ ಹೊಳೆದುಬಿಡುತ್ತೆ. ಟಿಕೇಟಿಲ್ಲ, ಮೈಕಿಲ್ಲ. ಚುರಮರಿ ಮಾತ್ರ ಇರುತ್ತೆ.

ಈಗ ಓಣಿ ಬದಲಾಗಿದೆ. ಕಾಂಕ್ರೀಟ್ ರಸ್ತೆ, ಕಂಬಕ್ಕೆ ಬಿಳೀ ದೀಪ, ಗೋಡೆಗೆ ಬಣ್ಣ. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ಮೇಲೆ ಕಾರುಗಳು ಹೆಚ್ಚು ಕಾಣಿಸುತ್ತಿವೆ. ಅಭಿಮಾನಿ ಹುಡುಗರು ಬೈಕು ನಿಲ್ಲಿಸಿ ಆಯಿಯ ದೊಡ್ಡ ಬಾಗಿಲಿನ ಮುಂದೆ ರೀಲ್ಸ್ ಮಾಡ್ತಾರೆ. ಬಾಗಿಲಿನ ಮುಂದೆ ನಿಂತು ಗಾಗಲ್ ಹಾಕ್ತಾರೆ, ತೆಗೀತಾರೆ, ಹೋಗ್ತಾರೆ. ಬಾಗಿಲ ಹಿಂದೆ ಯಾರಿದ್ದಾರೆ ಅಂತ ಒಬ್ಬನೂ ಕೇಳಿಲ್ಲ.

ಈಗ ಇಂಟರ್‌ವೆಲ್. ವಿಲನ್ ಪ್ರವೇಶ!

ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ಈ ಓಣಿಯನ್ನು ಹೊಗಳಿ ಬರೆದಿದ್ದೆ, ನೆನಪಿದೆಯೇ? "ಒಮ್ಮೆ ಬಂದು ನೋಡಿ, ಕಲ್ಲೂ ಮಾತಾಡುತ್ತೆ" ಅಂತ ಎರಡು ಪುಟ. ಮೊನ್ನೆ ಗುಡಿ ಹತ್ತಿರ ಹೊಸದಾಗಿ ಎದ್ದ ವಸತಿಗೃಹದೊಳಗೆ ಯಾರನ್ನೋ ಹುಡುಕಿಕೊಂಡು ಹೋದೆ. ಗಲ್ಲಾ ಮೇಲಿನ ಗೋಡೆಯಲ್ಲಿ ಚೌಕಟ್ಟು ಹಾಕಿಸಿದ ಒಂದು ಕಾಗದ ತೂಗುತ್ತಿತ್ತು. ಹತ್ತಿರ ಹೋಗಿ ನೋಡಿದರೆ ನನ್ನದೇ ಲೇಖನ! ಹೂವಿನ ಹಾರ ಬೇರೆ! "ನಿಮ್ಮ ಕೈಗುಣ ಸರ, ಶನಿವಾರ ಐತವಾರ ರೂಮು ಖಾಲಿ ಇರಂಗಿಲ್ಲ" ಅಂದರು ಮಾಲೀಕರು. ಎದೆ ಉಬ್ಬಿತು, ಸುಳ್ಳು ಹೇಳೋದಿಲ್ಲ. ಮಾಲೀಕರು ಮುಂದುವರಿಸಿದರು: "ನಿಮ್ಮ ಆಯಿ ಮನಿ ಜಾಗಕ್ಕೂ ಛಲೋ ರೇಟ್ ಬಂದೈತ್ರಿ. ಮಗಾ ಪುಣೆಯಿಂದ ಬರಾಕತ್ತಾನಂತ."

ಉಬ್ಬಿದ ಎದೆ ಪಂಕ್ಚರ್ ಆಯಿತು. ಓಣಿ ಚೆಂದ ಇದೆ ಅಂತ ಊರಿಗೆಲ್ಲ ಡಂಗುರ ಸಾರಿದವನು ನಾನು. ಚೆಂದ ಇದ್ದದ್ದಕ್ಕೆ ರೇಟು ಬಂತು. ರೇಟು ಬಂದದ್ದಕ್ಕೆ ಆಯಿಯ ಮನೆ ಹೋಗುತ್ತೆ, ನನ್ನ ಕೋಣೆ ಹೋಗುತ್ತೆ, ಸೋಮವಾರದ ಪೇಟಿ ಹೋಗುತ್ತೆ. ವಿಲನ್ ಯಾರು ಅಂತ ಈಗ ಗೊತ್ತಾಯಿತಲ್ಲ!

ಶ್ರಾವಣದ ಜಾತ್ರೆಗೆ ಮಗ ಬಂದರು. ಕೈಯಲ್ಲಿ ಇಂಜಿನಿಯರ್ ಬರೆದ ನಕ್ಷೆ. ಕೆಳಗೆ ಐದು ಅಂಗಡಿ, ಮೇಲೆ ಎಂಟು ರೂಮು. ನನಗೆ ತಡೆಯಲಾಗಲಿಲ್ಲ. "ಅಣ್ಣಾರ, ಇಂಥಾ ಮನಿ ಮತ್ತ ಕಟ್ಟಾಕ ಆಗೂದಿಲ್ರಿ. ಈ ತೊಲಿ, ಈ ಬಾಗಲಾ..." ಅಂತ ಶುರು ಮಾಡಿದೆ. ಹಂಪಿಯ ಬಜಾರದ ಕಥೆಯನ್ನೂ ಹೇಳಿದೆ. ವಿರೂಪಾಕ್ಷ ಗುಡಿಯ ಮುಂದಿನ ಸಾಲು ಮಂಟಪಗಳಲ್ಲಿ ಹೋಟೆಲು, ಅಂಗಡಿ, ಮನೆ ಮಾಡಿಕೊಂಡಿದ್ದ ನೂರಾರು ಕುಟುಂಬಗಳನ್ನು 2011ರಲ್ಲಿ ಎಬ್ಬಿಸಿದರು. ಸ್ಮಾರಕ ಉಳಿಸೋದಕ್ಕೆ ಅಂತ ಮಾಡಿದ್ದು. ಕಲ್ಲು ಉಳಿಯಿತು, ಸಂಜೆ ದೀಪ ಹಚ್ಚುವ ಜನ ಹೋದರು. ನಮ್ಮ ಓಣಿಗೂ ಹಾಗಾಗಬಾರದು ಅಂದೆ. ದೊಡ್ಡ ಭಾಷಣ!

ಅಣ್ಣಾರು ಸಿಟ್ಟಾಗಲಿಲ್ಲ. ನನ್ನ ಕೈ ಹಿಡಿದು ನಡುಮನೆಗೆ ಕರಕೊಂಡು ಹೋದರು. ಬೆಳಕಿಂಡಿಯ ಕೆಳಗೆ ಮೂರು ಬುಟ್ಟಿ, ಎರಡು ಕೊಡ. ಹಿಂದಿನ ರಾತ್ರಿಯ ಮಳೆಯ ನೀರು.

"ತಮ್ಮಾ, ಮಾಳಿಗಿಗೆ ವರ್ಷಾ ಮಣ್ಣ ಹಾಕಿಸಬೇಕು. ಹಾಕೂ ಆಳು ಸಿಗೂದಿಲ್ಲ. ಮಳಿ ಬಂದ್ರ ನಮ್ಮವ್ವ ಬುಟ್ಟಿ ಹಿಡಕೊಂಡು ರಾತ್ರಿಯೆಲ್ಲ ಕೂಡತಾಳ. ನೀ ಇದರ ಮ್ಯಾಲ ಚೆಂದಂಗ ಬರದಿ, ನಾನೂ ಓದೀನಿ. ಚೆಂದ ನಿನಗ. ಸೋರೂದು ಆಕೀಗೆ."

ಗೆಳೆಯರೇ, ಎಷ್ಟೋ ಪಿಕ್ಚರಿನ ಡೈಲಾಗು ಕೇಳಿದ್ದೇನೆ. ಇಷ್ಟು ಗಟ್ಟಿಯಾಗಿ ಯಾರೂ ಹೊಡೆದಿರಲಿಲ್ಲ. ಬಗಲ ಕೋಣೆಯಲ್ಲಿ ಎರಡು ಮಳೆಗಾಲ ಮಲಗಿದ್ದವನು ನಾನು. ನನ್ನ ಕೋಣೆ ಸೋರುತ್ತಿರಲಿಲ್ಲ. ಒಳಗೆ ಸೋರುತ್ತೆ ಅಂತ ನನ್ನ ಲೇಖನದಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಸೀಮೆಯ ದೊಡ್ಡವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡೆ. ಎಲ್ಲರದೂ ಮನೆಯ ಕಥೆಯೇ!

ಬಸವಣ್ಣನವರು ಜನಿವಾರ ಒಲ್ಲೆ ಅಂದು ಇದೇ ಊರಿನ ಮನೆ ಬಿಟ್ಟು ಕೂಡಲಸಂಗಮಕ್ಕೆ ಹೊರಟವರು ಅಂತ ನಾವು ಕೇಳಿ ಬೆಳೆದ ಕಥೆ. ಆ ಬಾಗಿಲು ದಾಟಿದ್ದಕ್ಕೇ ಇವತ್ತು ಈ ಊರಿಗೆ ಹೆಸರು. ಅವರ ಮಡದಿ ನೀಲಮ್ಮ ಐಕ್ಯವಾದದ್ದು ಮುದ್ದೇಬಿಹಾಳ ತಾಲೂಕಿನ ತಂಗಡಗಿಯ ಕೃಷ್ಣಾ ದಂಡೆಯಲ್ಲಿ ಅಂತ ಜನ ಇವತ್ತಿಗೂ ಅಲ್ಲಿಗೆ ನಡೆದುಕೊಳ್ಳುತ್ತಾರೆ.

ಬಿಜಾಪುರದ ಫ. ಗು. ಹಳಕಟ್ಟಿಯವರು ವಕೀಲರು. ತಾಳೆಗರಿಯ ಕಟ್ಟುಗಳಲ್ಲಿ ಧೂಳು ತಿನ್ನುತ್ತಿದ್ದ ವಚನಗಳನ್ನು ಹುಡುಕಿ ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ಛಾಪಖಾನೆ ಹಾಕೋದಕ್ಕೆ ಇದ್ದ ಮನೆಯನ್ನೇ ಮಾರಿಬಿಟ್ಟರು. ಸೋಮವಾರ ನಮ್ಮ ಪೇಟಿ ಮಾಸ್ತರರ ಬಾಯಲ್ಲಿ ಬರುವ ವಚನ ಆ ಮನೆ ಮಾರಿದ ದುಡ್ಡಿನಿಂದ ಅಚ್ಚಾಗಿ ಬಂದದ್ದು ಅನ್ನಿ.

ಇಂಡಿ ಅಂದರೆ ಲಿಂಬೆಹಣ್ಣು ಅಂತ ನೀವು ಅಂತೀರಿ. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಅಂತ ಗೆಳೆಯರ ಗುಂಪು. ನಿಮ್ಮ ಅಭಿಮಾನಿ ಸಂಘದ ಹಾಗೆ ಅಂದುಕೊಳ್ಳಿ! ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಂತ ಪುಸ್ತಕ ಮಾಡಿದರು. ಆ ಬೀಸುವ ಕಲ್ಲುಗಳಿದ್ದ ಮನೆಗಳು ಎಷ್ಟು ಬಿದ್ದವೋ, ಹಾಡು ಮಾತ್ರ ಬೀಳಲಿಲ್ಲ.

ನಮ್ಮ ಸಿನಿಮಾದ ಕಡೆಗೂ ಬನ್ನಿ. ಬೀಳಗಿಯ ಅಮೀರಬಾಯಿ ಕರ್ನಾಟಕಿ ಊರು ಬಿಟ್ಟು ಮುಂಬೈಗೆ ಹೋಗಿ 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿ ದೇಶಕ್ಕೆಲ್ಲ ಹೆಸರಾದರು. ಬಿಜಾಪುರಕ್ಕೆ ಅಮೀರ್ ಟಾಕೀಸ್ ಬಂದದ್ದು ಆಕೆಯಿಂದ. ಹುನಗುಂದ ಕಡೆಯ ಸೂಳಿಭಾವಿಯ ಧುತ್ತರಗಿಯವರು ಕಂಪನಿ ನಾಟಕಕ್ಕೆ ಬರೆದ 'ಸಂಪತ್ತಿಗೆ ಸವಾಲ್' 1974ರಲ್ಲಿ ಅಣ್ಣಾವ್ರ ಚಿತ್ರವಾಗಿ ಕರ್ನಾಟಕವನ್ನೆಲ್ಲ ಕುಣಿಸಿತು. ಆ ನಾಟಕ ಆಡಿದ ತಗಡಿನ ಥೇಟರುಗಳು ಎಲ್ಲಿವೆ? ಜಾತ್ರೆ ಮುಗಿದ ಮರುದಿನ ಬಿಚ್ಚಿ ಲಾರಿಗೆ ಹಾಕುತ್ತಿದ್ದರು!

ಇನ್ನು ಕೊಲ್ಹಾರ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಬಂದು ಹಳೇ ಊರು ಬಿಡಬೇಕಾಯಿತು, ಜನ ಹೊಸ ಜಾಗಕ್ಕೆ ಬಂದರು. ಇವತ್ತಿಗೂ ಬಸ್ಸು ನಿಂತರೆ ಮಣ್ಣಿನ ಗಡಿಗೆಯ ಕೊಲ್ಹಾರದ ಮೊಸರು! ಊರು ಮುಳುಗಿತು, ಮೊಸರು ಮುಳುಗಲಿಲ್ಲ. ಯಾಕೆ? ಹೆಪ್ಪು ಹಾಕುವ ಕೈ ಜೊತೆಗೆ ಬಂತು.

ಹಾಗಾದರೆ ಜಾಗಕ್ಕೆ ಬೆಲೆಯೇ ಇಲ್ಲವೇ? ಇದೆ. ಇದಕ್ಕೂ ನಮ್ಮಲ್ಲೇ ಸಾಕ್ಷಿ ಉಂಟು. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಕಾಲದ ಕಂಬದ ಶಾಸನ. ಇಸವಿ 945. ಅಲ್ಲಿ ಮಂತ್ರಿಯೊಬ್ಬ ಒಂದು ಶಾಲೆ ಕಟ್ಟಿಸಿದ. ಬರೀ ಶಾಲೆ ಕಟ್ಟಿ ಕೈ ತೊಳೆದುಕೊಳ್ಳಲಿಲ್ಲ. ಬೇರೆ ಬೇರೆ ನಾಡಿನಿಂದ ಬಂದ ವಿದ್ಯಾರ್ಥಿಗಳು ಇರೋದೆಲ್ಲಿ ಅಂತ ಯೋಚನೆ ಮಾಡಿ ಇಪ್ಪತ್ತೇಳು ಮನೆಗಳನ್ನೂ ಬಿಡಿಸಲಾಯಿತು. ಕಲಿಯೋದಕ್ಕೆ, ಹಾಡೋದಕ್ಕೆ ಜನ ಬರಬೇಕಾದರೆ ಮೊದಲು ಕೂರೋದಕ್ಕೆ ಜಾಗ ಬೇಕು. ಸಾವಿರ ವರ್ಷದ ಹಿಂದೆಯೇ ನಮ್ಮವರಿಗೆ ಇದು ಗೊತ್ತಿತ್ತು.

ಇಷ್ಟೆಲ್ಲ ಯೋಚನೆ ಮಾಡಿ ಬೆಳಗಾಗೆದ್ದು ಅಣ್ಣಾರ ಮುಂದೆ ಇನ್ನೊಂದು ಭಾಷಣ ಹೊಡೆಯಬೇಕು ಅಂತ ಹೊರಗೆ ಬಂದೆ. ನನ್ನ ಭಾಷಣದ ಅಗತ್ಯವೇ ಬೀಳಲಿಲ್ಲ. ಕಟ್ಟೆಯ ಮೇಲೆ ಆಯಿ ಕೂತಿದ್ದಳು, ಎದುರಿಗೆ ನಕ್ಷೆ, ಮಗ್ಗುಲಲ್ಲಿ ಮಗ, ಪೆನ್ನು ಹಿಡಿದು ಕಾಯುತ್ತಿದ್ದ ಇಂಜಿನಿಯರ್.

"ಇದರಾಗ ಕಟ್ಟಿ ಎಲ್ಲೈತಿ?" ಆಯಿ ಕೇಳಿದಳು.

"ಕಟ್ಟಿ ಇಲ್ಲ ಯವ್ವಾ. ಅಲ್ಲಿ ಮೊದಲನೇ ಅಂಗಡಿ ಬರತೈತಿ."

"ಮಾಳಿಗಿ ಕೆಡವಪ್ಪಾ. ತೊಲಿ ಮಾರು. ಬಾಗಲಾನೂ ಮಾರು, ನಾ ಬ್ಯಾಡನ್ನಂಗಿಲ್ಲ. ನನಗೂ ಬುಟ್ಟಿ ಹಿಡದು ಸಾಕಾಗೇತಿ. ಕಟ್ಟಿ ಒಂದು ಬಿಡು."

"ಯವ್ವಾ, ಅಷ್ಟು ಜಾಗಾದಾಗ ಒಂದು ಅಂಗಡಿ ಆಕ್ಕೈತಿ. ತಿಂಗಳಾ ಐದು ಸಾವಿರ ಬಾಡಿಗಿ!"

"ಹೌದು. ಅದಕ್ಕ ಕೇಳಾಕತ್ತೀನಿ. ಬೆಲಿ ಇಲ್ಲದ್ದನ್ನ ಬಿಡಂದ್ರ ಯಾರರ ಬಿಡತಾರ."

ಅಣ್ಣಾರು ಬಹಳ ಹೊತ್ತು ಸುಮ್ಮನೆ ಕೂತರು. ಹಮಾಲಿ ತಬಲಾ ಮಾಸ್ತರರು ಹೆಗಲ ಮೇಲೆ ಚೀಲ ಹೊತ್ತುಕೊಂಡು ಹೋಗುವಾಗ "ಯಾವಾಗ ಬಂದ್ರೀ ಸಾಹುಕಾರ?" ಅಂತ ಕೇಳಿ ಮುಂದೆ ಹೋದರು. ಅವರು ಇದೇ ಕಟ್ಟೆಯ ಮೇಲೆ ಅಣ್ಣಾರಿಗೆ ಚಿಕ್ಕವರಿದ್ದಾಗ ಠೇಕಾ ಕಲಿಸಿದವರು. ಅಣ್ಣಾರು ಇಂಜಿನಿಯರ್ ಕೈಯಿಂದ ಪೆನ್ನು ತಗೊಂಡು ಮೊದಲನೇ ಅಂಗಡಿಯ ಮೇಲೆ ಗೀಟು ಎಳೆದರು. "ಇಲ್ಲಿ ಕಟ್ಟಿ ಹಾಕ್ರಿ. ಹನ್ನೆರಡು ನಾಕು. ಮ್ಯಾಲ ಒಂದು ಛಾವಣಿ."

"ಸೋಮವಾರ ಬಾಡಿಗಿ ಕೇಳಬಾರದು" ಅಂದಳು ಆಯಿ.

"ಕೇಳೂದಿಲ್ಲ."

"ನೀ ಕೇಳೂದಿಲ್ಲ. ನಿನ್ನ ಅಂಗಡಿಯವರು ಕೇಳತಾರ. ಅವರ ಕರಾರು ಕಾಗದದಾಗ ಬರಸು."

ಬರೆಸಿದ ಮೇಲೆಯೇ ಆಯಿ ಸಹಿ ಹಾಕಿದ್ದು! ಯಜಮಾನರು ಕಲಿಸಿದ ಸಹಿಯಂತೆ, ದೊಡ್ಡ ದೊಡ್ಡ ಅಕ್ಷರ, ಟೈಟಲ್ ಕಾರ್ಡಿನ ಹಾಗೆ.

ಎಲ್ಲ ಸುಖಾಂತ್ಯ ಅಂತ ಪಡದೆ ಎಳೆಯಬೇಡಿ. ಮನೆ ಬೀಳುತ್ತೆ. ದೀಪಾವಳಿಯೊಳಗೆ ನಾನು ಕೋಣೆ ಖಾಲಿ ಮಾಡಬೇಕು. ಹೊಸ ಕಟ್ಟಡದಲ್ಲಿ ನನ್ನ ಜೇಬಿಗೆ ತಕ್ಕ ರೂಮಿಲ್ಲ. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಒಂದು ಪತ್ರಾಸಿನ ಕೋಣೆ ನೋಡಿದ್ದೇನೆ, ಬಾಡಿಗೆ ಎರಡು ಸಾವಿರ. ಮುಂದಿನ ಮಳೆಗಾಲದಲ್ಲಿ ಸೋರುತ್ತೋ ಇಲ್ಲವೋ ಅಂತ ಈಗಲೇ ಮೇಲೆ ನೋಡಿ ಬಂದಿದ್ದೇನೆ. ಅಷ್ಟಾದರೂ ಬುದ್ಧಿ ಬಂದಿದೆ! ಸೋಮವಾರ ರಾತ್ರಿ ಕಟ್ಟೆಗೆ ಬರೋದಕ್ಕೆ ಯಾರ ಅಡ್ಡಿಯೂ ಇಲ್ಲ. ಮನೆ ಬೀಳುವ ಹೊತ್ತಿಗೆ ಆಯಿ ತನ್ನ ಟ್ರಂಕು ತೆಗೆದು, ಯಜಮಾನರು ಕೂಡಿಟ್ಟಿದ್ದ ಸಿನಿಮಾ ಪದ್ಯಾವಳಿಗಳನ್ನು ನನ್ನ ಕೈಗೆ ಕೊಟ್ಟಿದ್ದಾಳೆ. "ಓದಿ ಇಡಬ್ಯಾಡ. ಮೇಳದವರಿಗೆ ಧಾಟಿ ಹೇಳಿಕೊಡು" ಅಂತ ತಾಕೀತು.

ಕೊನೆಗೆ ನಿಮ್ಮ ಹತ್ತಿರ ಒಂದು ಕೆಲಸ ಇದೆ, ಅಭಿಮಾನಿ ಮಿತ್ರರೇ. ಇಂಡಿಯಿರಲಿ, ಸಿಂದಗಿಯಿರಲಿ, ಮುದ್ದೇಬಿಹಾಳವಿರಲಿ, ನಿಮ್ಮ ಊರಿನ ಹಳೇ ಪೇಟೆಯಲ್ಲೂ ಒಂದು ದೊಡ್ಡ ಬಾಗಿಲಿರುತ್ತೆ. ರೀಲ್ಸ್ ಮಾಡಿ, ಬೇಡ ಅನ್ನೋದಿಲ್ಲ. ಮಾಡಿದ ಮೇಲೆ ಒಮ್ಮೆ ಬಾಗಿಲು ಬಡಿಯಿರಿ. ಒಳಗೆ ಹಳೇ ಗೇಟ್‌ಕೀಪರ್ ಇರಬಹುದು, ಕಂಪನಿ ನಾಟಕದ ಪೇಟಿ ಮಾಸ್ತರ ಇರಬಹುದು, ಬೀಸುವ ಪದ ಬಲ್ಲ ಅಜ್ಜಿ ಇರಬಹುದು. ಅದೇ ಮೊಬೈಲು ಮುಂದಿಟ್ಟು ಅವರನ್ನು ಮಾತಾಡಿಸಿ. ಹಲಸಂಗಿಯ ಗೆಳೆಯರ ಹತ್ತಿರ ಇದ್ದದ್ದು ಪೆನ್ನು ಕಾಗದ ಮಾತ್ರ. ಮಾತು ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಮರೆಯದೆ ಕೇಳಿ. ನಾನು ಎರಡು ವರ್ಷ ಕೇಳದೇ ಬಿಟ್ಟ ಪ್ರಶ್ನೆ: "ಮಳಿ ಬಂದ್ರ ಸೋರತೈತೇನ್ರಿ?"

ಇನ್ನು ಸಿಂದಗಿಯ ಕಾರ್ಡಿನ ಮಿತ್ರರಿಗೆ ಉತ್ತರ. ಅಲ್ಲೇನೈತಿ ಅಂತ ಕೇಳಿದ್ದಿರಲ್ಲ? ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಕಟ್ಟಿ ಐತ್ರಿ.

ಒಮ್ಮೆ ಬಂದು ನೋಡಿ ಅಂತ ಮಾತ್ರ ಬರೆಯೋದಿಲ್ಲ. ಹೋದ ಸಲ ಹಾಗೆ ಬರೆದು ರೂಮು ಕಳಕೊಂಡೀನಿ!